ನಕ್ಷೆಯಲ್ಲಿ ಇಲ್ಲದ ಪೆಂಗ್ವಿನ್

ಉದ್ಯಾನ ವಿಭಾಗದ ಯಾರ್ಡು ಮತ್ತು ನರ್ಸರಿಯನ್ನು ಹೊಸದಾಗಿ ಕಟ್ಟುವ ನಕ್ಷೆ ಕೊನೆಗೂ ಬಂದಿದೆ. ವಿಜಯಪುರ ಸೀಮೆಯ ಒಂದು ಊರು. ಹೆಸರು ಬೇಡ, ನಾಳೆ ಅಲ್ಲಿಯೇ ಚಹಾ ಕುಡಿಯಬೇಕು. ದೊಡ್ಡ ಹಾಳೆ, ಬಣ್ಣದ ಪ್ರಿಂಟು, ಹಾಳೆಯ ತುಂಬ ಹಸಿರು. ಗೇಟಿನ ಎದುರಿಗೇ ಕಾರಂಜಿ, ಅದರ ಸುತ್ತ ದುಂಡನೆಯ ಹುಲ್ಲುಹಾಸು, ಬಲಕ್ಕೆ ‘ಸೆಲ್ಫಿ ಪಾಯಿಂಟ್’. ಗುದ್ದಲಿ, ಬುಟ್ಟಿ, ಗೊಬ್ಬರದ ಚೀಲ ಇಡುವ ಜಾಗಕ್ಕೆ ಏಪ್ರಿಲ್ ಬಿಸಿಲಿನಲ್ಲಿ ಬಂದು ಸೆಲ್ಫಿ ತೆಗೆದುಕೊಳ್ಳುವ ಪುಣ್ಯಾತ್ಮರು ಯಾರೋ! ನಕ್ಷೆಯಲ್ಲಿ ನಾಲ್ಕು ಜನರ ಚಿತ್ರಗಳಿವೆ. ಅದರಲ್ಲಿ ಒಬ್ಬಾಕೆ ನಾಯಿ ಹಿಡಿದು ವಾಕಿಂಗ್ ಹೊರಟಿದ್ದಾಳೆ. ಮಾಲಿ ಒಬ್ಬನೂ ಇಲ್ಲ.

ಅದೂ ಹೋಗಲಿ. ಮೈ ಉರಿಯುವುದು ಎಡಗಡೆಯ ಮೂಲೆ ನೋಡಿದಾಗ. ಅಲ್ಲಿ ‘ಓಪನ್ ಲಾನ್’ ಎಂದು ಬರೆದಿದೆ. ಆ ಜಾಗದಲ್ಲಿ ಸದ್ಯಕ್ಕೆ ಇರುವುದು ಪೆಂಗ್ವಿನ್.

ಒಂದಲ್ಲ, ರಾಶಿ. ಪಾರ್ಕಿನಲ್ಲಿ ಬಾಯಿ ಕಳೆದು, ಹೊಟ್ಟೆಯ ಮೇಲೆ ‘ಯೂಸ್ ಮಿ’ ಬರೆಸಿಕೊಂಡು ನಿಲ್ಲುವ ಫೈಬರ್ ಕಸದ ಬುಟ್ಟಿಗಳನ್ನು ನೀವೂ ನೋಡಿದ್ದೀರಿ. ಮೊದಲು ಬೆನ್ನಿನ ಬಾಗಿಲಿನ ಕೊಂಡಿ ಮುರಿಯುತ್ತದೆ. ಆಮೇಲೆ ಕಸ ತೆಗೆಯುವವರು ಬಾಯೊಳಗೇ ಕೈ ಹಾಕಬೇಕು. ಯಾರೂ ಹಾಕುವುದಿಲ್ಲ. ಕಸ ತುಂಬುತ್ತದೆ, ಯಾರೋ ಬೀಡಿ ಒಗೆಯುತ್ತಾರೆ, ಹೊಟ್ಟೆ ಸುಡುತ್ತದೆ. ಸುಡದೆ ಉಳಿದದ್ದನ್ನು ಬಿಸಿಲು ತಿನ್ನುತ್ತದೆ. ಮೇಲಿನ ಬಣ್ಣದ ಪದರು ಪುಡಿಪುಡಿಯಾಗಿ ಉದುರಿ ಗಾಜಿನ ನಾರು ಹೊರಗೆ ಬಂದರೆ ಮುಟ್ಟಿದವರ ಕೈ ಸಂಜೆಯವರೆಗೆ ತುರಿಸುತ್ತದೆ. ಕಾಲಿನ ಹತ್ತಿರ ಫೈಬರ್ ತೆಳುವಾಗಿರುವುದರಿಂದ ಒಂದು ಜೋರು ಒದೆತಕ್ಕೆ ಪೆಂಗ್ವಿನ್ ಮೇಲಿನಿಂದ ಕಿತ್ತು ಬರುತ್ತದೆ. ಬುಡ ಮಾತ್ರ ಕಾಂಕ್ರೀಟಿನ ಬೋಲ್ಟಿನಲ್ಲೇ ಉಳಿಯುತ್ತದೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

‘ಬೇಕಾಗುತ್ತದೆ’ ಎಂಬುದು ಸ್ಟೋರಿನ ಕಾಕಾನ ಮಂತ್ರ. ಯಾರ್ಡಿಗೆ ಮುರಿದು ಬಂದ ಯಾವ ವಸ್ತುವನ್ನೂ ಆತ ಹೊರಗೆ ಬಿಟ್ಟಿದ್ದಿಲ್ಲ. ‘ಇರ್ಲಿ ತಗೀರಿ, ಬೇಕಾಗತೈತಿ.’ ಏಣಿ ಇಲ್ಲದ ಜಾರುಬಂಡಿ? ‘ಮಳಿಗಾಲದಾಗ ಕಾಲುವಿ ಆಗತೈತಿ.’ ಒಂದೇ ಕಡೆ ಕೂರುವ ಪೀಠ ಉಳಿದ, ಏರಿಳಿಯುವ ಸೀ-ಸಾ ಹಲಗೆ? ‘ಒಬ್ಬನ ಹುಡುಗ ಇದ್ರ?’ ಕಾರ್ಬುರೇಟರ್ ಇಲ್ಲದ ಬ್ರಷ್ ಕಟರ್, ತೂತು ಬಿದ್ದ ಪೈಪು, ಹರಿದ ನೆರಳುಬಲೆ, ಗಾಲಿ ಇಲ್ಲದ ಹುಲ್ಲು ಕತ್ತರಿಸುವ ಯಂತ್ರ, ಯಂತ್ರ ಇಲ್ಲದ ಗಾಲಿ. ಎಲ್ಲಕ್ಕೂ ಕಾಕಾನ ಬಳಿ ಒಂದು ಭವಿಷ್ಯವಿದೆ. ನಗರಗಳಿಗೆಂದು ಕೇಂದ್ರ ಸರ್ಕಾರ 2015ರಲ್ಲಿ ತಂದ ಅಮೃತ್ ಯೋಜನೆಯಲ್ಲಿ ಪಾರ್ಕುಗಳಿಗೆಂದೇ ಪಾಲು ಇತ್ತು, ಮಕ್ಕಳಿಗೆ ಹೊಂದುವ ಸೌಕರ್ಯಕ್ಕೆ ಒತ್ತು ಇತ್ತು. ಊರೂರಿಗೆ ಜೋಕಾಲಿ, ಜಾರುಬಂಡಿ ಬಂದವು, ಒಳ್ಳೆಯದೇ ಆಯಿತು. ಮುರಿದಾಗ ಅವು ಎಲ್ಲಿಗೆ ಬರಬೇಕು ಎಂದು ಯಾರೂ ಕೇಳಲಿಲ್ಲ. ಕಾಕಾನ ಹತ್ತಿರ ಬಂದವು.

ಈಗ ನಕ್ಷೆಗೆ ಬರೋಣ. ಯಾರ್ಡಿನ ನಕ್ಷೆ ಶುರುವಾಗಬೇಕಾದ್ದು ಟ್ಯಾಂಕರ್ ತಿರುಗುವ ಜಾಗದಿಂದ. ಟ್ರ್ಯಾಕ್ಟರ್ ಸುಮಾರು ಮೂರೂವರೆ ಮೀಟರ್, ಅದರ ಹಿಂದೆ 5,000 ಲೀಟರಿನ ಟ್ಯಾಂಕರ್, ಅದನ್ನು ಜೋಡಿಸುವ ಮೂಕಿ ಸೇರಿ, ಇನ್ನು ನಾಲ್ಕೈದು ಮೀಟರ್. ರಿವರ್ಸ್ ಹಾಕದೆ ತಿರುಗಲು ಸುಮಾರು 15 ಮೀಟರ್ ಅಗಲದ ಬಯಲು ಬೇಕು. ತಿರುವಿನಲ್ಲಿ ಟ್ಯಾಂಕರಿನ ಗಾಲಿ ಟ್ರ್ಯಾಕ್ಟರಿನ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಗೇಟಿನ ಕಂಬಗಳಲ್ಲಿ ಒಂದು ಮಾತ್ರ ಯಾವಾಗಲೂ ಮೊಣಕಾಲೆತ್ತರದಲ್ಲಿ ಒಡೆದಿರುವುದು ಅದಕ್ಕೇ. ಹೊಸ ನಕ್ಷೆಯಲ್ಲಿ ಗೇಟು 3 ಮೀಟರ್, ಎದುರಿಗೆ ಕಾರಂಜಿ. ಟ್ಯಾಂಕರ್ ಹೇಗೋ ಒಳಗೆ ನುಗ್ಗಿತು ಅಂದುಕೊಳ್ಳಿ, ತಂದ ನೀರನ್ನು ಕಾರಂಜಿಗೆ ಸುರಿದು ಹಿಂದಕ್ಕೇ ಹೋಗಬೇಕು.

ನೆಲ ಎರಿ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಇದರ ಮೇಲೆ ನೇರವಾಗಿ ಪೇವರ್ ಹಾಸಿದರೆ ಎರಡನೇ ಮಳೆಗಾಲಕ್ಕೆ ಅಲೆ ಎದ್ದಿರುತ್ತದೆ. ಅರ್ಧ ಮೀಟರ್ ಆಳ ಎರಿ ಮಣ್ಣು ತೆಗೆದು, ಗರಸು ಎಂಬ ಕಲ್ಲು ಬೆರೆತ ಗಟ್ಟಿ ಮಣ್ಣನ್ನು 15 ಸೆಂ.ಮೀ. ಪದರುಗಳಲ್ಲಿ ಹಾಕಿ, ಪ್ರತಿ ಪದರಿಗೂ ನೀರು ಹೊಡೆದು ರೋಲರ್ ಓಡಿಸಬೇಕು. ಎಸ್ಟಿಮೇಟಿನಲ್ಲಿ ಪೇವರಿನ ಬಣ್ಣ ಮೂರು ಥರ ಬರೆದಿದ್ದಾರೆ. ಗರಸಿನ ಸುದ್ದಿಯೇ ಇಲ್ಲ.

ಸಸಿಮಡಿಗಳನ್ನು ಕಮಲದ ದಳದ ಆಕಾರದಲ್ಲಿ ಬಿಡಿಸಿದ್ದಾರೆ. ವಿಮಾನದಿಂದ ನೋಡಿದರೆ ಚೆಂದ ಕಾಣುತ್ತದಂತೆ. ನೆಲದ ಮೇಲಿನ ಲೆಕ್ಕ ಬೇರೆ. 6×9 ಇಂಚಿನ ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬಿದರೆ ಅಡ್ಡಳತೆ ಹತ್ತು ಸೆಂ.ಮೀ. ಹತ್ತಿರ ಬರುತ್ತದೆ. ಒಂದು ಚದರ ಮೀಟರಿಗೆ 100 ಚೀಲ, 10 ಮೀಟರ್ ಉದ್ದ 1 ಮೀಟರ್ ಅಗಲದ ಮಡಿಗೆ 1,000. ಎಣಿಕೆಗೂ ಸಲೀಸು. ಅಗಲ ಒಂದೇ ಮೀಟರ್ ಯಾಕೆಂದರೆ ಕಸ ಕೀಳುವವರು ಎರಡೂ ಬದಿಯಿಂದ ಕೂತು ಕೈ ಚಾಚಿದರೆ ನಡುವಿನ ಚೀಲ ಸಿಗಬೇಕು. ದಳದ ಹೊಟ್ಟೆ ಮೂರು ಮೀಟರ್ ಅಗಲವಿದೆ. ಅದರ ನಡುವಿನ ಸಸಿಗೆ ಕಸ ಕೀಳಬೇಕಾದರೆ ಉಳಿದ ಸಸಿಗಳನ್ನು ತುಳಿದುಕೊಂಡೇ ಹೋಗಬೇಕು. 10,000 ಸಸಿಗೆ ಹತ್ತು ನೇರ ಮಡಿ, ಪೂರ್ವ-ಪಶ್ಚಿಮ ಉದ್ದಕ್ಕೆ, ನಡುವೆ 60 ಸೆಂ.ಮೀ. ದಾರಿ. ಇಷ್ಟೇ ಸಾಕಿತ್ತು.

ಆ ಹತ್ತು ಸಾವಿರ ಚೀಲಕ್ಕೆ ಸುಮಾರು 13 ಘನ ಮೀಟರ್ ಮಿಶ್ರಣ ಬೇಕು, ಅಂದರೆ ಬ್ರಾಸಿಗೆ ನೂರು ಘನ ಅಡಿ ಹಿಡಿದರೆ ಐದು ಬ್ರಾಸಿಗೆ ತುಸು ಕಡಿಮೆ. ಎರಡು ಪಾಲು ಮಸಾರಿ ಎಂಬ ಕೆಂಪು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಕಳಿತ ತಿಪ್ಪಿಗೊಬ್ಬರ. ಅಗ್ಗವೆಂದು ಎರಿ ಮಣ್ಣನ್ನೇ ತುಂಬಿದರೆ ಒಣಗಿದಾಗ ಅದು ಕುಗ್ಗಿ ಚೀಲದ ಗೋಡೆ ಬಿಡುತ್ತದೆ. ಹಾಕಿದ ನೀರು ಆ ಸಂದಿಯಲ್ಲೇ ಕೆಳಗಿಳಿದು ಬೇರಿಗೆ ಮುಟ್ಟುವುದೇ ಇಲ್ಲ. ಮೇಲೆ ಒದ್ದೆ ಕಾಣುತ್ತದೆ, ಸಸಿ ಸಾಯುತ್ತದೆ, ಮಾಲಿ ಬೈಸಿಕೊಳ್ಳುತ್ತಾನೆ. ಮಡಿಯ ತಳಕ್ಕೆ ದಪ್ಪ ಪಾಲಿಥೀನ್ ಹಾಸಬೇಕು, ಎರಡು-ಮೂರು ತಿಂಗಳಿಗೊಮ್ಮೆ ಚೀಲ ಎತ್ತಿ ಜಾಗ ಬದಲಿಸಬೇಕು. ಇಲ್ಲದಿದ್ದರೆ ಬೇರು ಚೀಲದ ತೂತಿನಿಂದ ನೆಲಕ್ಕಿಳಿಯುತ್ತದೆ. ವನಮಹೋತ್ಸವದ ಅವಸರಕ್ಕೆ ಜಗ್ಗಿ ಕಿತ್ತಾಗ ತಾಯಿಬೇರು ಕಟ್ ಅನ್ನುತ್ತದೆ. ಭಾಷಣ ಮುಗಿದು ಹದಿನೈದು ದಿನಕ್ಕೆ ಸಸಿ ಒಣಗಿದರೆ ‘ಸಾರ್ವಜನಿಕರು ನೀರು ಹಾಕಲಿಲ್ಲ’ ಎಂಬ ವರದಿ ತಯಾರಿರುತ್ತದೆ.

ಬೀಜದ್ದು ಇನ್ನೊಂದು ತಮಾಷೆ. ಬೇವಿನ ಬೀಜ ಬಿದ್ದ ಎರಡು-ಮೂರು ವಾರದೊಳಗೆ ಮಣ್ಣು ಕಾಣಬೇಕು, ಆಮೇಲೆ ಮೊಳಕೆ ಬರುವುದು ಕಷ್ಟ. ಜೂನಿನಲ್ಲಿ ಹೋದ ಬೇಡಿಕೆಗೆ ಮಂಜೂರಾತಿ ಬರುವುದು ದೀಪಾವಳಿಗೆ. ನಮ್ಮ ಫೈಲಿನ ನಡಿಗೆಗೆ ಹೊಂದುವ ಮರ ಒಂದೇ, ಕಕ್ಕೆ. ಅದರ ಬೀಜದ ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಕಾಯುತ್ತದೆ. ಬಿತ್ತುವ ಮುಂಚೆ ಬಿಸಿನೀರಿನಲ್ಲಿ ಅದ್ದಿ ರಾತ್ರಿಯೆಲ್ಲ ನೆನೆಹಾಕಿದರಾಯಿತು.

ನೀರಿನ ಮಾತಿಗೆ ಬಂದರೆ, ಸಸಿಗೆ ಅರ್ಧ ಲೀಟರ್ ಹಿಡಿದರೂ ಹತ್ತು ಸಾವಿರ ಸಸಿಗೆ ದಿನಕ್ಕೊಂದು ಟ್ಯಾಂಕರ್. ನಕ್ಷೆಯಲ್ಲಿ ನಲ್ಲಿ ಒಂದೇ, ಅದೂ ಗೇಟಿನ ಹತ್ತಿರ. ಮಡಿಗಳು 60 ಮೀಟರ್ ಆಚೆ. ಮುಕ್ಕಾಲಿಂಚಿನ ಪೈಪನ್ನು ಅಲ್ಲಿಯವರೆಗೆ ಎಳೆದರೆ ತುದಿಯಲ್ಲಿ ಬರುವುದು ಕಣ್ಣೀರು. ಎಳೆಯುವಾಗ ಪ್ರತಿ ಮಡಿಯ ಮೂಲೆಯ ಚೀಲಗಳು ಉರುಳುವುದು ಬೇರೆ. 15 ಮೀಟರಿಗೊಂದು ನಲ್ಲಿ, ಮಡಿಯ ಮೂಲೆಗೊಂದು ಗೂಟ, ಇವೆರಡಕ್ಕೆ ಹೆಚ್ಚು ಖರ್ಚೂ ಇಲ್ಲ. ತುಂತುರು ನಳಿಕೆ ಹಾಕುವುದಾದರೆ ಉಸುಕು, ಹೂಳು ತಡೆಯಲು ಡಿಸ್ಕ್ ಫಿಲ್ಟರ್ ಬೇಕೇ ಬೇಕು. ಬೋರಿನ ಗಡಸು ನೀರಿನಲ್ಲಿ ಕರಗಿದ ಸುಣ್ಣ ಆ ಫಿಲ್ಟರಿಗೂ ಸಿಗುವುದಿಲ್ಲ, ನಳಿಕೆಯ ಬಾಯಿಗೆ ಬೆಳ್ಳಗೆ ಕಟ್ಟುತ್ತದೆ, ಆಮೇಲೆ ಪಿನ್ನು ಹಿಡಿದು ಕೂರುವುದೇ ಮಾಲಿಯ ಕೆಲಸ. ಇದೇ ವಿಜಯಪುರದಲ್ಲಿ ಆದಿಲಶಾಹಿ ಸುಲ್ತಾನರು ಬೇಗಂ ತಾಲಾಬು ಎಂಬ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ತಂದಾಗ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರ ಕಟ್ಟಿ ಒತ್ತಡ ಇಳಿಸಿದ್ದರು, ಹೂಳನ್ನು ಅಲ್ಲೇ ತಡೆದಿದ್ದರು. ಮೊದಲು ನೀರು, ಆಮೇಲೆ ತೋಟ. ಕೆಲವು ಗಂಜ್ ಇನ್ನೂ ನಿಂತಿವೆ. ಅವುಗಳ ಪಕ್ಕದಲ್ಲಿ ಹಾದುಹೋಗುವಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ.

ಔಷಧಿ ಕೋಣೆ, ಪೆಟ್ರೋಲು, ಗೊಬ್ಬರ ಮೂರನ್ನೂ ಒಂದೇ ‘ಸ್ಟೋರ್’ ಎಂಬ ಚೌಕದಲ್ಲಿ ಮುಗಿಸಿದ್ದಾರೆ. ಕೀಟನಾಶಕಕ್ಕೆ ಬೀಗ ಮತ್ತು ಗಾಳಿ ಬೇಕು, ಚೆಲ್ಲಿದರೆ ಹೊರಗೆ ಹರಿಯದಂತೆ ಬಾಗಿಲಿಗೆ ಕಟ್ಟೆ ಬೇಕು. ಯೂರಿಯಾ ಚೀಲಕ್ಕೆ ಕೆಳಗೆ ಹಲಗೆ ಬೇಕು. ಸೂಪರ್ ಫಾಸ್ಫೇಟಿನ ಜೊತೆ ಅದು ಬೆರೆತರೆ ಎರಡೂ ಬೆವರಿ ರಾಡಿಯಾಗುತ್ತವೆ. ಇಷ್ಟು ಹೇಳಿದ್ದಕ್ಕೆ ಬಂದ ಉತ್ತರ, ‘ಡಿಟೇಲಿಂಗಿನಾಗ ನೋಡೋಣ್ರಿ.’

ಚೀಲ ತುಂಬುವ ಅಕ್ಕಂದಿರಿಗೆ ಎಲ್ಲಿ ಕೂರಬೇಕೆಂದು ಜಾಗವೇ ಇಲ್ಲ. ಶೌಚಾಲಯ ‘ವಿಸಿಟರ್ಸ್’ ಎಂದಿದೆ. ಸದ್ಯ ಅವರು ಮಣ್ಣು ತುಂಬುವುದು ಜಾರುಬಂಡಿಯ ನೆರಳಿನಲ್ಲಿ, ಅದು ಸರಿದಂತೆ ತಾವೂ ಸರಿಯುತ್ತ. ರೊಟ್ಟಿ ಬುತ್ತಿಯ ಗಂಟು ಪೆಂಗ್ವಿನ್ನಿನ ಬಾಯಲ್ಲಿ, ನಾಯಿಗೆ ಎಟುಕುವುದಿಲ್ಲ. ಮಧ್ಯಾಹ್ನ ಒಬ್ಬಾಕೆ ಹೋಗಿ ಕೈ ಹಾಕಿ ಗಂಟು ತೆಗೆಯುವಾಗ ‘ಕೊಡ ಯಪ್ಪಾ, ಹೊಟ್ಟಿ ಹಸದೈತಿ’ ಅನ್ನುತ್ತಾಳೆ. ಕಾಕಾ ಗೆದ್ದವನ ಮುಖ ಮಾಡಿಕೊಂಡು ನಮ್ಮ ಕಡೆ ನೋಡುತ್ತಾನೆ.

ಆದರೆ ಆ ಮೂಲೆ ಖಾಲಿಯಾಗದೆ ಏನೂ ಕಟ್ಟಲಾಗದು. ಗುತ್ತಿಗೆದಾರನಿಗೆ ಜಾಗ ಬಿಟ್ಟುಕೊಡದಿದ್ದರೆ ಆತ ‘ಸೈಟ್ ಕೊಟ್ಟಿಲ್ಲ’ ಎಂದು ಅವಧಿ ವಿಸ್ತರಣೆ ಕೇಳುತ್ತಾನೆ, ಕೇಳಬೇಕಾದ್ದೂ ಸರಿಯೇ. ಖಾಲಿ ಮಾಡಲು ಕಚೇರಿಯ ಸಾಮಾನುಗಳ ಪಟ್ಟಿಯಾದ ಡೆಡ್ ಸ್ಟಾಕ್ ರಿಜಿಸ್ಟರಿನಿಂದ ಹೆಸರು ಹೊಡೆಯಬೇಕು. ಅದಕ್ಕೆ ಜಂಟಿ ಪರಿಶೀಲನೆ. ಅಲ್ಲಿ ನಡೆದದ್ದು ಇದು.

ರಿಜಿಸ್ಟರಿನಲ್ಲಿ ‘ಕಸದ ಬುಟ್ಟಿ, ಪೆಂಗ್ವಿನ್ ಮಾದರಿ, 14’ ಎಂದಿದೆ. ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಎಣಿಸಿದರೆ ಕೊಕ್ಕು ಹನ್ನೊಂದು, ಹೊಟ್ಟೆ ಒಂಬತ್ತು. ಅಕೌಂಟ್ಸಿನವರು ಕೊಕ್ಕನ್ನೂ ಹೊಟ್ಟೆಯನ್ನೂ ಒಪ್ಪಲಿಲ್ಲ. ‘ನಂಬರ್ ತೋರಸ್ರಿ.’ ಖರೀದಿಸಿದಾಗ ಪ್ರತಿ ಪೆಂಗ್ವಿನ್ನಿಗೂ ನಂಬರ್ ಬರೆದದ್ದು ನಿಜ. ಬರೆದದ್ದು ಬುಡದ ಮೇಲೆ. ಬುಡಗಳು ಊರಿನ ಪಾರ್ಕುಗಳಲ್ಲಿ ಬೋಲ್ಟಿಗೆ ಭದ್ರವಾಗಿವೆ. ಅಂದರೆ ಯಾರ್ಡಿನಲ್ಲಿ ಇರುವವಕ್ಕೆ ನಂಬರ್ ಇಲ್ಲ, ನಂಬರ್ ಇರುವವು ಯಾರ್ಡಿನಲ್ಲಿಲ್ಲ. ಎಂಜಿನಿಯರು ‘ಕೊಕ್ಕಿನ ಲೆಕ್ಕ ಹಿಡೀರಿ’ ಅಂದರು. ‘ಕೊಕ್ಕು ಹಿಡದ್ರ ಮೂರು ಕಡಿಮಿ, ವಸೂಲಿ ಯಾರ ಪಗಾರದಾಗ?’ ಎಂದು ಅಕೌಂಟ್ಸಿನವರು. ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾ ಒಳಗೆ ಹೋಗಿ ಗೋಣಿಚೀಲ ತಂದು ಸುರಿದ. ರೆಕ್ಕೆಗಳು. ‘ಎರಡಕ್ಕೊಂದು ಹಿಡೀರಿ.’ ಇಪ್ಪತ್ತೇಳು ರೆಕ್ಕೆ. ಹದಿಮೂರೂವರೆ ಪೆಂಗ್ವಿನ್ ಎಂದು ಮಹಜರಿನಲ್ಲಿ ಬರೆಯುವುದು ಹೇಗೆಂದು ಅರ್ಧ ತಾಸು ಚರ್ಚೆಯಾಯಿತು. ಕೊನೆಗೆ ಇಬ್ಬರು ಮಾಲಿಗಳಿಗೆ ಸ್ಪ್ಯಾನರ್ ಕೊಟ್ಟು, ಪಾರ್ಕುಗಳಿಗೆ ಹೋಗಿ ಬುಡ ಬಿಚ್ಚಿಕೊಂಡು ಬರಲು ಹೇಳಿದರು. ಬೋಲ್ಟು ತುಕ್ಕು ಹಿಡಿದು ಕೂತಿವೆ, ಗ್ರೈಂಡರಿನಿಂದ ಕತ್ತರಿಸಬೇಕು. ಗ್ರೈಂಡರ್ ಯಾರ್ಡಿನಲ್ಲಿದೆ, ಅದರ ಮೋಟರಿನ ಕಾರ್ಬನ್ ಬ್ರಷ್ ಇಲ್ಲ.

ಬುಡ ಬಂದ ಮೇಲೂ ಹರಾಜು ಸಲೀಸಲ್ಲ. ಜೋಕಾಲಿಯ ಕಬ್ಬಿಣಕ್ಕೆ ಗುಜರಿಯವರು ಕಿಲೋ ಲೆಕ್ಕದಲ್ಲಿ ಓಡಿ ಬರುತ್ತಾರೆ, ಫೈಬರನ್ನು ಮೂಸಿಯೂ ನೋಡುವುದಿಲ್ಲ. ಕಬ್ಬಿಣ ಬೇರೆ, ಫೈಬರ್ ಬೇರೆ ಎಂದು ಹರಾಜು ಹಾಕಿದರೆ ಕಬ್ಬಿಣ ಹೋಗಿ ಪೆಂಗ್ವಿನ್ ಮತ್ತೆ ನಮ್ಮ ಪಾಲಿಗೇ ಉಳಿಯುತ್ತವೆ. ಎರಡನ್ನೂ ಒಂದೇ ಲಾಟಿನಲ್ಲಿ ಕಟ್ಟಿ, ಇಡೀ ಜಾಗ ಗುಡಿಸಿ ಕೊಟ್ಟ ಮೇಲೆಯೇ ಠೇವಣಿ ವಾಪಸ್ಸು ಎಂಬ ಷರತ್ತು ಹಾಕಬೇಕು. ಈ ಷರತ್ತನ್ನು ಟಿಪ್ಪಣಿಯಲ್ಲಿ ಬರೆದು ಸಹಿಗೆ ಒಯ್ದಾಗ ಕಾಕಾ ಕನ್ನಡಕ ಏರಿಸಿ ಪೂರ್ತಿ ಓದಿದ. ತಕರಾರು ಏನೂ ಇಲ್ಲವೆಂದ. ಒಂದು ತಿದ್ದುಪಡಿ ಮಾತ್ರ.

‘ಹದಿಮೂರ ಕೊಡ್ರಿ. ಒಂದು ಇಟ್ಕೊಳ್ಳೋಣು. ಮುಂದಿನ ವರ್ಷ ಹೊಸಾವು ತರಸೂಮುಂದ ಸ್ಯಾಂಪಲ್ ಬೇಕಾಗತೈತಿ.’