ಜಗ್ಗಿ ನೋಡುವ ಭಾವ

ಒಂದು ಗಾಳಕ್ಕೇ ಮೀನು ಬೀಳದವನಿಗೆ ಎರಡು ಕಟ್ಟು ಅಂತ ಮೊದಲು ಹೇಳಿದ ಪುಣ್ಯಾತ್ಮನನ್ನು ಹುಡುಕಿ ತರಬೇಕು. ಏಪ್ರಿಲ್ ತಿಂಗಳ ಗಾಳಿಯಲ್ಲಿ, ಮಂಡಿ ಮುಳುಗುವ ತಣ್ಣೀರಿನಲ್ಲಿ ನಿಲ್ಲಿಸಿ, "ಈಗ ಕಟ್ಟಪ್ಪ" ಅನ್ನಬೇಕು. ನನ್ನ ತೋರುಬೆರಳಿನ ತುದಿ ಇನ್ನೂ ಉರಿಯುತ್ತಿದೆ. ಸಾರನ್ನ ಕಲಸೋಕೆ ಆಗದೆ ಚಮಚ ಹಿಡಿದು ಕೂತಿದ್ದೇನೆ.

ಅಮೆರಿಕದ ಡೆನ್ವರಿನಲ್ಲಿ ನಮ್ಮ ಶನಿವಾರ ನಿಮಗೆ ಗೊತ್ತಿರೋದೇ. ಇಂಡಿಯನ್ ಸ್ಟೋರು, ಬಟ್ಟೆ ಒಗೆತ, ಮಕ್ಕಳನ್ನು ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸಿಗೆ ಸಾಗಿಸೋದು. ಇದರಿಂದ ತಪ್ಪಿಸಿಕೊಳ್ಳೋಕೆ ನಾನೂ ಭಾವನೂ ಸೌತ್ ಪ್ಲ್ಯಾಟ್ ನದಿಗೆ ಟ್ರೌಟ್ ಹಿಡಿಯಲು ಹೋಗುತ್ತೇವೆ. ಚೀಸ್‌ಮನ್ ಅಣೆಕಟ್ಟಿನ ಕೆಳಗಿನ ಕಣಿವೆಗೆ. 1905ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಅಲ್ಲಿಂದ ಬಿಡುವ ನೀರು ತಣ್ಣಗೆ, ತಿಳಿಯಾಗಿ ಬರುತ್ತದೆ. ನೀರು ತಿಳಿಯಾದಷ್ಟೂ ಮೀನು ಚಾಲಾಕಿ. ದಪ್ಪ ದಾರ ಕಂಡರೆ ಹತ್ತಿರ ಬರೋದಿಲ್ಲ.

ಟ್ರೌಟ್ ಮೀನು ಜಾಸ್ತಿ ತಿನ್ನೋದು ನೀರಿನೊಳಗೇ. ತಳದ ಕಲ್ಲುಗಳ ಮಧ್ಯೆ ಇರುವ ಹುಳುಗಳ ಮರಿ ಅದಕ್ಕೆ ಊಟ. ಆ ಮರಿಯ ವೇಷ ಹಾಕಿದ ಗಾಳವೇ ನಿಂಫ್. ಕಟ್ಟುವ ಕ್ರಮ ಬಾಯಲ್ಲಿ ಹೇಳೋಕೆ ಬಹಳ ಸುಲಭ. ಲೀಡರ್, ಅಂದರೆ ಗಾಳದ ದಾರದ ಕೊನೆಯ ತೆಳು ಭಾಗ. ಅದರ ತುದಿಗೆ 16ನೇ ನಂಬರಿನ ಫೆಸೆಂಟ್ ಟೇಲ್ ಅನ್ನೋ ನಿಂಫ್. ಇಂಗ್ಲೆಂಡಿನ ಏವನ್ ನದಿ ಕಾಯುತ್ತಿದ್ದ ಫ್ರ್ಯಾಂಕ್ ಸಾಯರ್ ಕಾಡುಕೋಳಿ ಜಾತಿಯ ಹಕ್ಕಿಯ ಬಾಲದ ಗರಿ, ತಾಮ್ರದ ತಂತಿ ಸುತ್ತಿ ಮಾಡಿದ್ದು ಇದನ್ನು. ಅದರ ಕೊಕ್ಕೆಯ ಬಾಗಿಗೆ ಹದಿನಾರು ಇಂಚಿನಷ್ಟು ಟಿಪೆಟ್ ಅನ್ನೋ ತೆಳು ದಾರ. ಆ ದಾರದ ಕೊನೆಗೆ 20ನೇ ನಂಬರಿನ ಇನ್ನೊಂದು ಫ್ಲೈ, ಅಂದರೆ ಹುಳುವಿನ ವೇಷದ ಗಾಳ. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು. ಇಪ್ಪತ್ತು ಅಂದರೆ ಜೀರಿಗೆ ಕಾಳು. ಫ್ಲೈಗಳು ತಳಕ್ಕೆ ಇಳಿಯಲಿ ಅಂತ ಮೇಲಿನದಕ್ಕಿಂತ ಒಂದು ಗೇಣು ಮೇಲೆ ಪುಟ್ಟ ಗುಂಡು. ಇನ್ನೂ ಮೇಲೆ, ನೀರಿನ ಆಳದ ಒಂದೂವರೆ ಪಟ್ಟು ದೂರದಲ್ಲಿ, ತೇಲುವ ಇಂಡಿಕೇಟರ್. ಅದು ಮುಳುಗಿದರೆ ಮೀನು. ಅಥವಾ ಕಲ್ಲು. ಸಾಮಾನ್ಯವಾಗಿ ಕಲ್ಲು.

ಒಟ್ಟು ಮೂರು ಗಂಟು. ಮದುವೆಯಲ್ಲೂ ನಾನು ಹಾಕಿದ್ದು ಮೂರೇ ಗಂಟು. ಆದರೆ ಅವತ್ತು ಯಾರೂ ಬಂದು ಜಗ್ಗಿ ನೋಡಲಿಲ್ಲ.

ಇಲ್ಲಿ ಭಾವ ಜಗ್ಗುತ್ತಾರೆ.

ನಾನು ಕನ್ನಡಕ ಹಣೆಗೇರಿಸಿ, ಉಸಿರು ಬಿಗಿಹಿಡಿದು, ಗಾಳದ ತೂತನ್ನು ಆಕಾಶಕ್ಕೆ ಹಿಡಿದು ದಾರ ಪೋಣಿಸಿ, ಐದು ಸುತ್ತು ಸುತ್ತಿ, ಎಂಜಲು ಹಚ್ಚಿ ಬಿಗಿದಿರುತ್ತೇನೆ. ಎಂಜಲು ಹಚ್ಚದೆ ಎಳೆದರೆ ಉಜ್ಜಿದ ಬಿಸಿಗೆ ದಾರದ ಶಕ್ತಿ ಹೋಗುತ್ತದೆ. ಅಷ್ಟರಲ್ಲಿ ಎಲ್ಲೋ ಐವತ್ತು ಅಡಿ ಆಚೆ ಇದ್ದ ಭಾವ ಬಂದು ಪಕ್ಕದಲ್ಲಿ ನಿಂತಿರುತ್ತಾರೆ. "ತಡಿ, ನೋಡೋಣ ಇಲ್ಲಿ." ಮೇಲಿನ ಫ್ಲೈ ಒಂದು ಕೈಯಲ್ಲಿ, ಕೆಳಗಿನದು ಇನ್ನೊಂದರಲ್ಲಿ. ಫಟ್.

"ನೋಡಿದ್ಯಾ? ಕೈಯಲ್ಲಿ ಕಿತ್ತುಹೋದ್ರೆ ನಷ್ಟ ಇಲ್ಲ ಮಾರಾಯ. ಮೀನಿನ ಬಾಯಲ್ಲಿ ಕಿತ್ತುಹೋದ್ರೆ?"

ಮಾತು ಸರಿಯಾಗಿಯೇ ಇದೆ. ಮೈ ಉರಿಯೋದು ಅದಕ್ಕೇ. ಗಂಟು ಹಾಕಿದ ಮೇಲೆ ಒಮ್ಮೆ ಎಳೆದು ನೋಡಬೇಕು ಅಂತ ಬಲ್ಲವರೆಲ್ಲ ಹೇಳುತ್ತಾರೆ. ಆದರೆ ಇದು 6 ಎಕ್ಸ್ ದಾರ. ದಾರದ ದಪ್ಪ ತಿಳಿಯೋಕೆ ಎಕ್ಸ್ ನಂಬರನ್ನು ಹನ್ನೊಂದರಲ್ಲಿ ಕಳೆಯಬೇಕು. ಹನ್ನೊಂದರಲ್ಲಿ ಆರು ಕಳೆದರೆ ಐದು, ಅಂದರೆ ಇಂಚಿನ ಸಾವಿರದಲ್ಲಿ ಐದು ಪಾಲು ದಪ್ಪ. ಈ ಲೆಕ್ಕ ನನಗೆ ಹೇಳಿಕೊಟ್ಟವರೂ ಎಂಜಿನಿಯರ್ ಭಾವನೇ. ಜಗ್ಗುವಾಗ ಮಾತ್ರ ಅವರು ಬಾವಿಯಿಂದ ಕೊಡಪಾನ ಎಳೆದ ಊರಿನವರಾಗಿಬಿಡುತ್ತಾರೆ. ಮೈಸೂರಿನ ವ್ಯಾನ್ ಇಂಗನ್ 1946ರಲ್ಲಿ 120 ಪೌಂಡಿನ ಮಹಶೀರ್ ಮೀನು ಹಿಡಿದಿದ್ದರು ಅಂತ ಯಾರೋ ಅವರ ಕಿವಿಗೆ ಹಾಕಿದ್ದಾರೆ. ಚೀಸ್‌ಮನ್ ಕಣಿವೆಯಲ್ಲೂ ಅಂಥದ್ದೇ ಒಂದು ಕಾದು ಕೂತಿದೆ ಅನ್ನೋ ಹಾಗೆ ಎಳೆಯುತ್ತಾರೆ.

ಗಾಳ ಒಂದೇ ಅಲ್ಲ. ಅಮ್ಮ ಊರಿಗೆ ವಾಪಸು ಹೊರಟಾಗ ಏರ್‌ಪೋರ್ಟಿನಲ್ಲಿ ಭಾವ ಸೂಟ್‌ಕೇಸಿನ ಹಿಡಿ ಗಟ್ಟಿ ಇದೆಯಾ ಅಂತ ಜಗ್ಗಿದರು. ಹಿಡಿ ಕೈಗೆ ಬಂತು. "ಮುಂಬೈನಲ್ಲಿ ಕಿತ್ತುಹೋಗಿದ್ರೆ ಏನು ಮಾಡ್ತಿದ್ರಿ ಅತ್ತೆ?" ಅಂದರು. ಉಪ್ಪಿನಕಾಯಿ, ಚಟ್ನಿಪುಡಿ ಅಂತ ಮಗಳ ಮನೆಗೆ ಹೊತ್ತು ತಂದಿದ್ದ ಆ ಸೂಟ್‌ಕೇಸನ್ನು ಅಮ್ಮ ಕೊನೆಗೆ ಮಗುವಿನ ಹಾಗೆ ತಬ್ಬಿಕೊಂಡು ಕೌಂಟರಿಗೆ ಇಟ್ಟರು.

ಮೊನ್ನೆ ನದಿಯಲ್ಲಿ ಆದದ್ದು ಇದಕ್ಕಿಂತ ಜೋರು. ಭಾವ ಜಗ್ಗಿದ ರಭಸಕ್ಕೆ ಜೀರಿಗೆ ಗಾತ್ರದ ಫ್ಲೈ ಹಾರಿ ದಡದ ಜಲ್ಲಿಯಲ್ಲಿ ಬಿತ್ತು. ಡಬ್ಬಿಯಲ್ಲಿ ಆ ಜಾತಿಯದು ಅದೊಂದೇ ಉಳಿದಿತ್ತು. ಇಬ್ಬರೂ ನೀರಿಗಿಳಿಯುವ ರಬ್ಬರಿನ ಪ್ಯಾಂಟು, ಅದೇ ವೇಡರ್ಸ್, ಹಾಕಿಕೊಂಡು ನಾಲ್ಕು ಕಾಲಲ್ಲಿ ಹುಡುಕತೊಡಗಿದೆವು. ದಾರಿಯಲ್ಲಿ ಹೋಗುತ್ತಿದ್ದ ಅಮೆರಿಕದ ಅಜ್ಜ ಒಬ್ಬರು ನಿಂತು, ಉಂಗುರ ಬಿತ್ತಾ ಅಂತ ಕೇಳಿದರು. ಫ್ಲೈ ಅಂದೆವು. ಯಾವ ನಂಬರ್ ಅಂದರು. ಇಪ್ಪತ್ತು ಅಂದೆವು. ಅಜ್ಜ ನಮ್ಮನ್ನು, ಜಲ್ಲಿಯನ್ನು, ಮತ್ತೆ ನಮ್ಮನ್ನು ನೋಡಿದರು. ಆಮೇಲೆ ಟೋಪಿ ತೆಗೆದಿಟ್ಟು ಅವರೂ ಮಂಡಿಯೂರಿದರು. ಮೂವರೂ ಹೀಗೆ ತಲೆ ಬಗ್ಗಿಸಿಕೊಂಡು ತೆವಳುವಾಗ ಹಿಂದಿನಿಂದ ಬಂದ ಒಂದು ನಾಯಿ ನಮ್ಮ ಜೊತೆ ಮೂಸತೊಡಗಿತು. ಅದರ ಯಜಮಾನಿತಿ, ನಾಯಿಗೆ ಏನಾದರೂ ಚುಚ್ಚೀತು ಅಂತ ನಮ್ಮ ಮೇಲೇ ರೇಗಿದಳು. ಫ್ಲೈ ಸಿಗಲಿಲ್ಲ. ಅಜ್ಜ ತಮ್ಮ ಡಬ್ಬಿಯಿಂದ ಒಂದು ತೆಗೆದು, ತಾವೇ ಎರಡು ಕ್ಷಣದಲ್ಲಿ ಕಟ್ಟಿಕೊಟ್ಟರು. ಭಾವ ಥ್ಯಾಂಕ್ಸ್ ಹೇಳಿ, ಕಟ್ಟಿದವರ ಕಣ್ಣೆದುರೇ ಜಗ್ಗಿದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆದರೆ ಗಂಟು ಬಿಡಲಿಲ್ಲ. "ನೋಡು, ಹೀಗಿರ್ಬೇಕು" ಅಂತ ನನಗೆ ಕನ್ನಡದಲ್ಲಿ ಪಾಠವಾಯಿತು.

ಅಕ್ಕನ ಮದುವೆಯಾದ ಹೊಸತರಲ್ಲಿ ಇದೇ ಭಾವ ನನ್ನನ್ನು ಶೃಂಗೇರಿಗೆ ಕರೆದುಕೊಂಡು ಹೋಗಿದ್ದರು. ತುಂಗೆಯ ಮೆಟ್ಟಿಲಲ್ಲಿ ಕೂತು ಮೀನಿಗೆ ಮಂಡಕ್ಕಿ ಎಸೆದೆವು. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ. ಅವು ಹೆದರದೆ ಕಾಲ ಬುಡಕ್ಕೇ ಬರುತ್ತಿದ್ದವು. ನಾನು ನೀರಿಗೆ ಬಿದ್ದೇನು ಅಂತ ಭಾವ ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡಿದ್ದರು. ಹಿಡಿತ ಇದೆಯಾ ಅಂತ ಆಗಾಗ ಸುಮ್ನೆ ಜಗ್ಗುತ್ತಿದ್ದರು. ಆಗ ಅವರಿಗೆ ಕನ್ನಡಕ ಇರಲಿಲ್ಲ. ಈಗ ಹಾಕಿರುವ ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಇಳಿಸಿಕೊಂಡರೂ ಅವರಿಗೆ ಗಂಟು ಸರಿಯಾಗಿ ಕಾಣೋದಿಲ್ಲ ಅಂತ ನನಗೆ ಗೊತ್ತು. ಹೇಳೋದಿಲ್ಲ. ಅಂದಹಾಗೆ, ಅವತ್ತು ಅಂಗಿಯ ಎರಡು ಗುಂಡಿಯೂ ಕಿತ್ತುಹೋಗಿದ್ದವು.

ಅಜ್ಜನ ಫ್ಲೈ ನೀರಿಗಿಳಿದು ಸ್ವಲ್ಪ ಹೊತ್ತಿಗೆ ಇಂಡಿಕೇಟರ್ ಮುಳುಗಿತು. ಕಲ್ಲಲ್ಲ. ಕಲ್ಲು ಅಡ್ಡಡ್ಡ ಓಡೋದಿಲ್ಲ. ರಾಡು ಬಾಗಿತು, ರೀಲು ಕಿರುಗುಟ್ಟಿತು. ಹಿಂದಿನಿಂದ ಕಣಿವೆ ಮಾರ್ದನಿಸುವಂತೆ ಕೂಗು ಬಂತು.

"ಜಗ್ಗಬೇಡ! ಜಗ್ಗಬೇಡ ಮಾರಾಯ! ತೆಳು ದಾರ ಅದು!"

ನಾನು ತಿರುಗಿ ನೋಡಿದೆ. ನೋಡುವ ಹೊತ್ತು ಅದಾಗಿರಲಿಲ್ಲ, ಆದರೂ ಒಮ್ಮೆ ನೋಡಲೇಬೇಕಿತ್ತು. ಭಾವನ ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

ಮೀನು ಬಂತು. ಮೈಮೇಲೆ ಕೆಂಪು ಚುಕ್ಕೆಯ ಬ್ರೌನ್ ಟ್ರೌಟ್, ಮೊಣಕೈಯಿಂದ ಮಣಿಕಟ್ಟಿನಷ್ಟು ಉದ್ದ. ಆ ಕಣಿವೆಯಲ್ಲಿ ಹಿಡಿದ ಟ್ರೌಟನ್ನು ಬಿಟ್ಟುಬಿಡಬೇಕು ಅಂತ ಕಾನೂನು. ಕೈ ಒದ್ದೆ ಮಾಡಿಕೊಂಡು, ಗಾಳ ಬಿಡಿಸಿ, ನೀರಿಗೆ ಬಿಟ್ಟೆ. ಬಾಲ ಬಡಿದು ನನ್ನ ಮುಖಕ್ಕೆ ನೀರು ಎರಚಿ ಹೋಯಿತು. ಅಷ್ಟರಲ್ಲಿ ಭಾವ ಬಂದು ಪಕ್ಕದಲ್ಲಿ ನಿಂತಿದ್ದರು.

"ಮೀನು ಬಿದ್ದ ಮೇಲೆ ಗಂಟು ಇನ್ನೊಂದ್ಸಲ ನೋಡ್ಬೇಕು. ಕೊಡಿಲ್ಲಿ."

"ಬೇಡ ಭಾವ, ನಿಮ್ಮ ದಮ್ಮಯ್ಯ."

ಫಟ್.

"ನೋಡಿದ್ಯಾ? ಅದು ಪಾಪ, ಮೀನು ಒಳ್ಳೇದು. ಸುಮ್ನೆ ಬಂದಿದೆ."