ಮೇಲಿನ ಮಂಚ, ಕೆಳಗಿನ ಮಂಚ, ನಡುವೆ ಸರಕಾರ

ಬಾದಾಮಿಯ ಡಾರ್ಮಿಟರಿಯಲ್ಲಿ ಬೆನ್ನಚೀಲ ಇಳಿಸಿದವರಿಗೆ ಮೊದಲು ಆಧಾರ್ ಕೇಳುತ್ತಾರೆ, ಆಮೇಲೆ ರೊಕ್ಕ. ಇವೆರಡರ ನಡುವೆ ಒಂದು ಪ್ರಶ್ನೆ ಬರುವುದುಂಟು: “ಬಿಲ್ ಬೇಕೇನ್ರಿ ಸರ್, ಇಲ್ಲಾ ಹಂಗ ಕೊಡ್ತೀರಿ?” ಹಾಸಿಗೆಗೆ ದಿನಕ್ಕೆ 600 ರೂಪಾಯಿ ಎಂದಾದರೆ ಬಿಲ್ಲಿಲ್ಲದೆ ಹಂಗ ಕೊಟ್ಟವರಿಗೆ 30 ರೂಪಾಯಿ ತೆರಿಗೆ ಉಳಿಯುತ್ತದೆ. ಒಂದು ಗಿರ್ಮಿಟ್ಟು, ಒಂದು ಮಿರ್ಚಿ, ಮೇಲೆ ಅರ್ಧ ಚಾ. ಎಂಥ ದೇಶಭಕ್ತನೂ ಒಂದು ಗಳಿಗೆ ಯೋಚಿಸುವಷ್ಟು ಮೊತ್ತ.

ಆ 30 ರೂಪಾಯಿಯ ಜಾತಕ ಹೀಗಿದೆ. 2022ರ ಜುಲೈ 18ಕ್ಕೆ ಮೊದಲು ಸಾವಿರದೊಳಗಿನ ಬಾಡಿಗೆಗೆ ಜಿಎಸ್‌ಟಿಯೇ ಇರಲಿಲ್ಲ. ಆಮೇಲೆ ಶೇ. 12 ಬಂತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ವಸತಿಗೆ ಶೇ. 5. ಅದರಲ್ಲಿ 15 ರೂಪಾಯಿ ದಿಲ್ಲಿಗೆ, 15 ಬೆಂಗಳೂರಿಗೆ. ಕೊಲ್ಲಾಪುರದಿಂದ ಬಂದು ಮಲಗಿದವರೂ ಕೊಡುವುದು ಕರ್ನಾಟಕದ ಪಾಲನ್ನೇ, ಮಹಾರಾಷ್ಟ್ರದ್ದಲ್ಲ. ವಸತಿಯ ತೆರಿಗೆ ಕಟ್ಟಡ ನಿಂತ ನೆಲಕ್ಕೆ ಸೇರುತ್ತದೆ, ಮಲಗಿದವರ ಊರಿಗಲ್ಲ. ಗಡಿ ವಿವಾದದ ಬೆಳಗಾವಿಯಲ್ಲೂ ಈ ಲೆಕ್ಕದ ಬಗ್ಗೆ ತಕರಾರಿಲ್ಲ.

ಬಿಲ್ಲು ಕೈಗೆ ಬಂದರೆ ಹೆಚ್ಚಿನವರು ಮಡಚಿ ಕಿಸೆಗೆ ಹಾಕುತ್ತಾರೆ. ಅದನ್ನು ಓದಬೇಕು. ಮೇಲ್ಗಡೆ ಹದಿನೈದು ಅಕ್ಷರ-ಅಂಕಿಗಳ ಒಂದು ಸಾಲು ಇರುತ್ತದೆ. ಮೊದಲೆರಡು ರಾಜ್ಯದ ಅಂಕಿ, ಕರ್ನಾಟಕಕ್ಕೆ 29. ಮುಂದಿನ ಹತ್ತು ಮಾಲಕರ ಪ್ಯಾನ್. ಹದಿಮೂರನೆಯದು ಅದೇ ಪ್ಯಾನಿಗೆ ರಾಜ್ಯದಲ್ಲಿ ಎಷ್ಟನೇ ನೋಂದಣಿ ಎಂಬುದು, ಹದಿನಾಲ್ಕನೆಯದು ಸಾಮಾನ್ಯವಾಗಿ ಝಡ್, ಕೊನೆಯದು ತಾಳೆ ನೋಡುವ ಅಕ್ಷರ. ಈ ಸಾಲಿಲ್ಲದೆ ಕೆಳಗಡೆ ‘ಜಿಎಸ್‌ಟಿ 30’ ಎಂದಷ್ಟೇ ಬರೆದಿದ್ದರೆ ಆ ಮೂವತ್ತು ಎಲ್ಲಿಗೂ ಹೋಗುವುದಿಲ್ಲ, ಗಲ್ಲೆಯಲ್ಲೇ ಉಳಿಯುತ್ತದೆ. ಸಾಲು ಇದ್ದರೂ ಅನುಮಾನ ಬಂದರೆ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಹಾಕಿ ನೋಡಬಹುದು. ನೋಂದಣಿ ಜೀವಂತ ಇದೆಯೋ ರದ್ದಾಗಿದೆಯೋ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಂಪೋಜಿಷನ್ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ) ಎಂದು ತೋರಿಸಿದರೆ ಅವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ, ತಮ್ಮ ವಹಿವಾಟಿನಿಂದ ತಾವೇ ಕಟ್ಟಬೇಕು.

ಹಾಗೆಂದು ಬಿಲ್ಲಿನಲ್ಲಿ ತೆರಿಗೆ ಕಾಣದ ಮಾಲಕರನ್ನೆಲ್ಲ ಕಳ್ಳರೆನ್ನುವುದು ಅನ್ಯಾಯ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿಯ ಹಂಗಿಲ್ಲ. ಹನ್ನೆರಡು ಹಾಸಿಗೆ, ತಲಾ 500 ಎಂದರೆ ವರ್ಷವಿಡೀ ತುಂಬಿದರೆ 21 ಲಕ್ಷ 90 ಸಾವಿರ ಆಗುತ್ತದೆ, ನಿಜ. ಆದರೆ ಬಾದಾಮಿಯ ಏಪ್ರಿಲ್ಲಿನಲ್ಲಿ ಹನ್ನೆರಡು ಹಾಸಿಗೆ ತುಂಬಿಸಬಲ್ಲವರು ಇನ್ನೂ ಹುಟ್ಟಿಲ್ಲ. ಅಕ್ಟೋಬರಿನಿಂದ ಫೆಬ್ರವರಿ ತನಕ ಸುಗ್ಗಿ, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯ ಗದ್ದಲ, ಆಮೇಲೆ ಕೆಂಪು ಕಲ್ಲು ಕಾದು ಕೆಂಡ. ಅಂಥ ಸಣ್ಣವರು ತೆರಿಗೆ ಇಲ್ಲದ ಸಾದಾ ಬಿಲ್ಲು ಕೊಟ್ಟರೆ ಅದೇ ಸರಿ. ತಮಾಷೆ ಎಂದರೆ ಅದೇ ಹಾಸಿಗೆಯನ್ನು ಆ್ಯಪಿನಲ್ಲಿ ಬುಕ್ ಮಾಡಿದರೆ ತೆರಿಗೆ ಹತ್ತುತ್ತದೆ. ನೋಂದಣಿ ಇಲ್ಲದವರ ಪರವಾಗಿ ಆ್ಯಪಿನವರೇ ಕಟ್ಟಬೇಕೆಂಬ ನಿಯಮವಿದೆ. “ಅಲ್ಲೆ ಜಾಸ್ತಿ ತೋರಸ್ತದ, ಇಲ್ಲೆ ಕಡಿಮಿ ಹೇಳ್ತೀರಿ, ಇದೇನ ಆಟ” ಎಂದು ಜಗಳ ತೆಗೆಯುವವರಿಗೆ ಇದನ್ನು ತಿಳಿಸಿ ಹೇಳುವಷ್ಟು ಪುರುಸೊತ್ತು ಮಾಲಕರಿಗೆ ಇರುವುದಿಲ್ಲ.

ಹಣ ಕಟ್ಟಿ ಒಳಗೆ ಹೋದವರು ಮೊದಲು ಮಾಡಬೇಕಾದ್ದು ಗಾದಿಯ ತಪಾಸಣೆ. ಚೀಲವನ್ನು ಮಂಚದ ಮೇಲೆ ಒಗೆಯಬಾರದು. ಗಾದಿಯ ನಾಲ್ಕೂ ಮೂಲೆ ಎತ್ತಿ, ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ, ಮಂಚದ ಪಟ್ಟಿ ಚೌಕಟ್ಟಿಗೆ ಕೂಡುವ ಸಂದುಗಳಿಗೆ ಮೊಬೈಲಿನ ಬೆಳಕು ಬಿಟ್ಟು ನೋಡಬೇಕು. ಸಣ್ಣ ಕಪ್ಪು ಚುಕ್ಕೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಂಗಂದು ಬಣ್ಣ ಹರಡಿದರೆ ತಗಣಿ ಗ್ಯಾರಂಟಿ. ಮಂಚ ಬದಲಿಸಿದರೆ ಸಾಲದು, ಖೋಲಿಯನ್ನೇ ಬದಲಿಸಬೇಕು. ಅವು ಗೋಡೆ ಹಿಡಿದು ಸಲೀಸಾಗಿ ಪಕ್ಕದ ಮಂಚಕ್ಕೆ ಬರುತ್ತವೆ. ಲಾಕರಿಗೆ ಹಾಕುವ ಕೀಲಿ ನಮ್ಮದೇ ಒಯ್ಯುವುದು ಲೇಸು, ಆದರೆ ಕೊಂಡಿ ಸಣ್ಣದಿರಲಿ. ದಪ್ಪ ಕೊಂಡಿಯ ಮನೆ ಕೀಲಿ ಲಾಕರಿನ ತೂತಿಗೆ ಹೋಗುವುದಿಲ್ಲ.

ಬೆಳಿಗ್ಗೆ ಗೀಸರ್ ಪರೀಕ್ಷೆ. ಎಂಟು ಜನರ ಖೋಲಿಗೆ 25 ಲೀಟರಿನ ಒಂದು ಗೀಸರ್. ಕಾದ ನೀರಿಗೆ ತಣ್ಣೀರು ಬೆರೆಸಿದರೆ ಮೂರು ಬಕೆಟ್ಟು ಆಗುತ್ತದೆ, ಅಂದರೆ ಮೂವರ ಸ್ನಾನ. ಎರಡು ಕಿಲೋವ್ಯಾಟಿನ ಕಾಯಿಲು ಮತ್ತೆ ಅಷ್ಟು ನೀರು ಕಾಯಿಸಲು ಅರ್ಧ ತಾಸು ಬೇಕು. ಶವರಿನ ಕೆಳಗೆ ಹಾಡು ಹೇಳುತ್ತ ನಿಂತ ಒಬ್ಬನೇ ಆ ಮೂರು ಬಕೆಟ್ಟನ್ನೂ ಮುಗಿಸುತ್ತಾನೆ, ಹೊರಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡವರ ಸಾಲು ಬೆಳೆಯುತ್ತದೆ. ರಾಜ್ಯದ ಖಜಾನೆಗೂ ಈ ಗೀಸರಿಗೂ ದೊಡ್ಡ ವ್ಯತ್ಯಾಸವೇನಿಲ್ಲ. ಖಜಾನೆಯಲ್ಲಿ ಹಾಡು ಹೇಳುವವನ ದನಿ ನಮಗೆ ಕೇಳಿಸುವುದಿಲ್ಲ, ಅಷ್ಟೇ. “ಹಂಗ ಕೊಡ್ತೀನಿ” ಎಂದು ರಾತ್ರಿ ಮೂವತ್ತು ಉಳಿಸಿದ ಮನುಷ್ಯನೇ ಬೆಳಿಗ್ಗೆ ತಣ್ಣೀರಿಗೆ ಕೈಯಿಟ್ಟು “ಏನ್ ವ್ಯವಸ್ಥಾನೋ ಏನೋ, ರಸ್ತಾನೂ ಹಂಗ ಅದಾವ” ಎನ್ನುತ್ತಾನೆ.

ಊರೂರು ಸುತ್ತುವವರಿಗೆ ತೆರಿಗೆ ಎಲ್ಲೆಲ್ಲಿ ಇದೆ, ಎಲ್ಲಿಲ್ಲ ಎಂಬುದೇ ಒಂದು ಸ್ವಾರಸ್ಯ. ಸೊಲ್ಲಾಪುರದಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಮೇಲೆ ಗದಗಿಗೆ ಹೋಗುವ ರೈಲಿನ ಜನರಲ್, ಸ್ಲೀಪರ್ ಡಬ್ಬಿಗೆ ಇಲ್ಲ. ಎಸಿ ಡಬ್ಬಿಗೆ ಶೇ. 5. ರೈಲ್ವೆಯ ವಿಶ್ರಾಂತಿ ಕೊಠಡಿ, ಕ್ಲೋಕ್ ರೂಮು, ಪ್ಲಾಟ್‌ಫಾರ್ಮ್ ಟಿಕೀಟಿಗೆ 2024ರ ಜುಲೈ 15ರಿಂದ ಮಾಫಿ. ಗೋಳಗುಮ್ಮಟದ ಬಾಗಿಲಲ್ಲಿ ಪ್ರವೇಶಕ್ಕೆ 25 ರೂಪಾಯಿ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲಿನಲ್ಲಿ 40. ಹದಿನೈದರೊಳಗಿನ ಮಕ್ಕಳಿಗೆ ಪುಕ್ಕಟೆ.

ಇನ್ನು ಕೆಂಪು ಬಸ್ಸಿನ ಸೊನ್ನೆ ಟಿಕೀಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ರೊಕ್ಕವಿಲ್ಲ, ಆದರೂ ಕಂಡಕ್ಟರ್ ಟಿಕೀಟು ಹರಿದೇ ಕೊಡುತ್ತಾನೆ. “ಫ್ರೀ ಐತಲ್ಲೋ ತಮ್ಮಾ, ಕಾಗದಾ ಯಾಕ ಹಾಳ ಮಾಡ್ತಿ” ಎಂದು ಅವ್ವಂದಿರು ಕೈ ಹಿಂದೆ ತೆಗೆಯುತ್ತಾರೆ. ಆ ಸೊನ್ನೆಗಳನ್ನು ಕೂಡಿಸಿಯೇ ಸಾರಿಗೆ ಸಂಸ್ಥೆ ಸರಕಾರದಿಂದ ಹಣ ಪಡೆಯಬೇಕು. ಹರಿಯದ ಟಿಕೀಟಿನ ಪ್ರಯಾಣ ಸಂಸ್ಥೆಯ ಮೈಮೇಲೆ ಬೀಳುತ್ತದೆ. ಬೆಳಗಾವಿ, ಬಾಗಲಕೋಟೆಯಲ್ಲಿ ಅದು ವಾಯವ್ಯ ಸಾರಿಗೆಯ ಲೆಕ್ಕ, ವಿಜಯಪುರದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯದು.

ನಮ್ಮ ಭಾಗಕ್ಕೆ ಸುಂಕ ಹೊಸದೇನಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತದ ತುಂಬ ವ್ಯಾಪಾರ ಮಾಡಿದವರು; ಹೇರಿಗೆ ಇಷ್ಟು ಎಂದು ಗುಡಿಗೆ, ಸತ್ರಕ್ಕೆ ತಾವೇ ಕಟ್ಟಿಕೊಡುತ್ತಿದ್ದುದನ್ನು ಶಾಸನಗಳು ಹೇಳುತ್ತವೆ. ಶರಣರಲ್ಲಿ ಸುಂಕದ ಬಂಕಣ್ಣನೆಂಬ ಸುಂಕ ವಸೂಲಿಯವನೂ ಇದ್ದ. ‘ಸುಂಕದವನ ಮುಂದೆ ಸುಖದುಃಖ’ ಎಂದು ಗಾದೆ ಕಟ್ಟಿದವರು ಅವನನ್ನು ಕೇಳಿರಲಿಕ್ಕಿಲ್ಲ.

ಡಾರ್ಮಿಟರಿಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗರ ತತ್ವ ಬೇರೆ: “ನಂದು ಹನ್ನೆರಡ ಲಕ್ಷದೊಳಗ, ನನಗ ತೆರಿಗಿ ಇಲ್ಲ.” ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಅಷ್ಟರವರೆಗೆ ರಿಯಾಯಿತಿ ಇದೆ, ಸಂಬಳದವರಿಗೆ ಮೇಲೆ 75 ಸಾವಿರದ ಕಡಿತವೂ ಇದೆ. ಆದರೆ ಆದಾಯ 4 ಲಕ್ಷ ದಾಟಿದರೆ ಸೊನ್ನೆ ತೆರಿಗೆಗೂ ರಿಟರ್ನ್ ಸಲ್ಲಿಸಲೇಬೇಕು. ಶೇರು ಮಾರಿದ ಅಲ್ಪಾವಧಿ ಲಾಭಕ್ಕೆ ಈ ರಿಯಾಯಿತಿ ತಾಗುವುದಿಲ್ಲ. ಸಂಬಳದವರಿಗೆ ಜುಲೈ 31 ಕಡೆಯ ದಿನ. ತಡವಾದರೆ 5 ಲಕ್ಷದೊಳಗಿನವರಿಗೆ 1,000, ಮೇಲಿನವರಿಗೆ 5,000 ದಂಡ.

ಮಾಲಕರ ಪಾಡೂ ಸುಖದ್ದಲ್ಲ. ಶೇ. 5ರ ಲೆಕ್ಕದಲ್ಲಿ ಗಾದಿ, ಬಣ್ಣ, ಗೀಸರಿಗೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಇದರ ಮೇಲೆ ಪುರಸಭೆಯ ಆಸ್ತಿ ತೆರಿಗೆ ಬೇರೆ. ಏಪ್ರಿಲ್ 30ರೊಳಗೆ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಗಲ್ಲೆ ಖಾಲಿ ಹೊಡೆಯುವ ತಿಂಗಳನ್ನೇ ಹುಡುಕಿ ರಿಯಾಯಿತಿ ಇಟ್ಟವರು ಬಾದಾಮಿಯ ಬೇಸಿಗೆ ಕಂಡವರಂತೂ ಅಲ್ಲ.