ನ್ಯಾಶ್‌ವಿಲ್‌ನ ರೇಡಿಯೋ ಮತ್ತು ಒಂದು ಫಾರ್ವರ್ಡ್

ಸಂಗೀತಪ್ರಿಯರ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ: ‘ಅಮೆರಿಕದ ನ್ಯಾಶ್‌ವಿಲ್‌ನ ಡಬ್ಲ್ಯೂಎಸ್‌ಎಂ ರೇಡಿಯೋ ಹುಟ್ಟಿದ್ದೇ ಕಂಟ್ರಿ ಸಂಗೀತಕ್ಕಾಗಿ, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳಿಗಾಗಿ. ಅದರ ಗ್ರ್ಯಾಂಡ್ ಓಲ್ ಆಪ್ರಿ ಜಗತ್ತಿನ ಮೊದಲ ಹಳ್ಳಿ ಹಾಡಿನ ಕಾರ್ಯಕ್ರಮ.’

ಎರಡೂ ತಪ್ಪು.

1925ರ ಅಕ್ಟೋಬರ್‌ನಲ್ಲಿ ಕೇಂದ್ರ ಶುರು ಮಾಡಿದ್ದು ಒಂದು ವಿಮಾ ಕಂಪನಿ. ‘ನಾವು ಲಕ್ಷಾಂತರ ಜನರನ್ನು ಕಾಯುತ್ತೇವೆ’ ಎಂಬರ್ಥದ ಅದರ ‘ವಿ ಶೀಲ್ಡ್ ಮಿಲಿಯನ್ಸ್’ ಘೋಷವಾಕ್ಯದ ಮೊದಲಕ್ಷರಗಳೇ ಡಬ್ಲ್ಯೂಎಸ್‌ಎಂ. ಆರಂಭದಲ್ಲಿ ಅಲ್ಲಿ ಶಾಸ್ತ್ರೀಯ ಸಂಗೀತ, ನೃತ್ಯ ವಾದ್ಯಗೋಷ್ಠಿಗಳೂ ಧಾರಾಳವಾಗಿದ್ದವು. ದಿನವಿಡೀ ಕಂಟ್ರಿ ಹಾಡುವ ಕೇಂದ್ರವಾಗಿದ್ದು ಎಷ್ಟೋ ದಶಕಗಳ ಮೇಲೆ.

ಆಪ್ರಿಯ ಆರಂಭ 1925ರ ನವೆಂಬರ್ 28ರ ರಾತ್ರಿ. ಅಂದು ನಿರೂಪಕ ಜಾರ್ಜ್ ಹೇ, ಎಪ್ಪತ್ತೇಳರ ಪಿಟೀಲುಗಾರ ಅಂಕಲ್ ಜಿಮ್ಮಿ ಥಾಂಪ್ಸನ್‌ರನ್ನು ಮೈಕ್ ಮುಂದೆ ಕೂರಿಸಿದರು. ಪಿಯಾನೋದಲ್ಲಿ ಅವರ ಸಂಬಂಧಿ ಇವಾ. ಅಜ್ಜ ಒಂದು ಗಂಟೆ ಬಾರಿಸಿದರೂ ದಣಿಯಲಿಲ್ಲವಂತೆ!

ಆದರೆ ಹೇ ಬಂದಿದ್ದೇ ಷಿಕಾಗೋದಿಂದ. ಅಲ್ಲಿನ ಡಬ್ಲ್ಯೂಎಲ್‌ಎಸ್ ರೇಡಿಯೋದಲ್ಲಿ ಇಂಥದೇ ‘ಬಾರ್ನ್ ಡಾನ್ಸ್’ ಕಾರ್ಯಕ್ರಮ 1924ರಿಂದ ನಡೆಯುತ್ತಿತ್ತು. ಅವರು ಅದರ ನಿರೂಪಕರಾಗಿದ್ದರು. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 1923ರಲ್ಲೇ ಇಂಥ ಪ್ರಸಾರವಾಗಿತ್ತು.

‘ಆಪ್ರಿ’ ಹೆಸರು ಬಂದಿದ್ದೂ 1927ರಲ್ಲಿ, ತಮಾಷೆಗೆ. ಹಿಂದಿನ ಕಾರ್ಯಕ್ರಮದ ಗಂಭೀರ ಶಾಸ್ತ್ರೀಯ ಸಂಗೀತ ಮುಗಿದೊಡನೆ, ಪಾಶ್ಚಾತ್ಯ ಗೀತನಾಟಕವನ್ನು ಸೂಚಿಸುವ ‘ಗ್ರ್ಯಾಂಡ್ ಆಪೆರಾ’ ಪದವನ್ನೇ ಹೇ ಹಳ್ಳಿಯ ಉಚ್ಚಾರಕ್ಕೆ ತಿರುಚಿದರು. ಆ ರಾತ್ರಿ ಮೌತ್‌ಆರ್ಗನ್‌ನಲ್ಲಿ ರೈಲಿನ ಸದ್ದು ನುಡಿಸಿದವರು ಕಪ್ಪು ವರ್ಣೀಯ ಕಲಾವಿದ ಡೆಫೋರ್ಡ್ ಬೇಲಿ. ಫಾರ್ವರ್ಡ್‌ನಲ್ಲಿ ಅವರ ಹೆಸರೇ ಇಲ್ಲ.